ಚಿಮ್ಮಡದ ರೋಗಿ ಯಾರ ಲೆಕ್ಕಕ್ಕೆ?

ಎರಡು ಸಂಖ್ಯೆಗಳನ್ನು ಗಮನಿಸಿ: 269.4 ಮತ್ತು 39.5. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವು 2020ರಲ್ಲಿ ಪ್ರಕಟಿಸಿದ ವರದಿಯಿಂದ ಇವನ್ನು ಆಯ್ದುಕೊಂಡಿದ್ದೇನೆ. ವರದಿ 2012ರಿಂದ 2016ರ ಅವಧಿಗೆ ಸಂಬಂಧಿಸಿದ್ದು. ಒಂದು ಲಕ್ಷ ಪುರುಷರಲ್ಲಿ ಒಂದು ವರ್ಷದ ಅವಧಿಯಲ್ಲಿ ಹೊಸದಾಗಿ ಕ್ಯಾನ್ಸರ್ ಪತ್ತೆಯಾಗುವವರ ಸಂಖ್ಯೆ ಮಿಜೋರಾಂನ ಐಜ್ವಾಲ್ ಜಿಲ್ಲೆಯಲ್ಲಿ 269.4. ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಮತ್ತು ಬೀಡ್ ಜಿಲ್ಲೆಗಳಲ್ಲಿ ಅದು 39.5. ಮುದುಕರು ಹೆಚ್ಚಿರುವ ಊರಿನಲ್ಲಿ ಕ್ಯಾನ್ಸರ್ ಹೆಚ್ಚಾಗಿ ಕಾಣುವುದು ಸಹಜ. ಆ ವಯೋಮಾನದ ವ್ಯತ್ಯಾಸವನ್ನು ಸರಿದೂಗಿಸಿದ ನಂತರವೂ ಉಳಿಯುವ ಸಂಖ್ಯೆಗಳಿವು. ಅಂತರ ಸುಮಾರು ಏಳು ಪಟ್ಟು.

ಒಂದೇ ದೇಶದಲ್ಲಿ ಇಷ್ಟು ಅಂತರ ಏಕೆ? ಮೂರು ಬಗೆಯ ಉತ್ತರಗಳು ಸಾಧ್ಯ. ಒಂದು, ಎರಡು ಕಡೆಯ ಜನರ ಜೀನುಗಳು ಬೇರೆ. ಎರಡು, ಅವರ ಬದುಕು ಬೇರೆ: ತಂಬಾಕು, ಆಹಾರ, ಒಲೆಯ ಹೊಗೆ, ಸೋಂಕುಗಳು, ಬಡತನ. ಮೂರು, ಎಣಿಕೆ ಬೇರೆ: ಒಂದು ಕಡೆ ರೋಗಿಗಳೆಲ್ಲ ಲೆಕ್ಕಕ್ಕೆ ಸಿಕ್ಕಿದ್ದಾರೆ, ಇನ್ನೊಂದು ಕಡೆ ಸಿಕ್ಕಿಲ್ಲ. ಕ್ಯಾನ್ಸರಿನ ತಳಿವಿಜ್ಞಾನ ಮತ್ತು ಆರೋಗ್ಯದ ಅಸಮಾನತೆ ಕುರಿತ ಸಂಶೋಧನೆಯ ಗುರಿಯೇ ಈ ಮೂರನ್ನು ಒಂದರಿಂದ ಒಂದು ಬಿಡಿಸಿ ನೋಡುವುದು.

ಬಿಡಿಸುವ ಈ ಕೆಲಸ ಎಲ್ಲಿ ನಡೆಯುತ್ತದೆ ಎಂದು ಕೇಳಿದರೆ ನೀವು ಪ್ರಯೋಗಾಲಯದತ್ತ ಬೆರಳು ತೋರಿಸಬಹುದು. ನಾನು ಕಚೇರಿಯತ್ತ ತೋರಿಸುತ್ತೇನೆ. ಯಾವ ಆಸ್ಪತ್ರೆ ಯಾವ ನಮೂನೆ ತುಂಬಬೇಕು, ರಕ್ತದ ಮಾದರಿ ಎಷ್ಟು ಗಂಟೆಯೊಳಗೆ ಎಲ್ಲಿಗೆ ತಲುಪಬೇಕು, ರೋಗಿಯ ಒಪ್ಪಿಗೆಯನ್ನು ಯಾವ ಮಾತಿನಲ್ಲಿ ಪಡೆಯಬೇಕು, ಫಲಿತಾಂಶವನ್ನು ಯಾರು ಹಿಂದಿರುಗಿಸಬೇಕು ಎಂಬುದನ್ನೆಲ್ಲ ನಿರ್ಧರಿಸುವ ಆಡಳಿತ ಸಮನ್ವಯವನ್ನು ನಾವು ವಿಜ್ಞಾನದ ಹೊರಗಿನ ಗುಮಾಸ್ತಿಕೆ ಎಂದು ಭಾವಿಸಿದ್ದೇವೆ. ಅದು ಹಾಗಲ್ಲ, ಅಳತೆಯ ಉಪಕರಣದ್ದೇ ಒಂದು ಭಾಗ ಎಂಬುದು ಈ ಲೇಖನದ ವಾದ. ನಮ್ಮ ದೇಶದ ದೊಡ್ಡ ಕಾರ್ಯಕ್ರಮಗಳನ್ನು ಈ ದೃಷ್ಟಿಯಿಂದ ಪರೀಕ್ಷಿಸಲು ಬೆಂಗಳೂರಿನಲ್ಲಿ ನಿಂತು ನೋಡಿದರೆ ಸಾಲದು. ಅಂಚಿನ ಒಂದು ಹಳ್ಳಿಯಿಂದ ನೋಡಬೇಕು. ಬಾಗಲಕೋಟೆ ಜಿಲ್ಲೆಯ ಚಿಮ್ಮಡವನ್ನು ಆರಿಸಿಕೊಂಡಿದ್ದೇನೆ.

ಕಡಿಮೆ ಸಂಖ್ಯೆಯನ್ನು ನಂಬಬಹುದೇ?

ಚಿಮ್ಮಡಕ್ಕೆ ಹೋಗುವ ಮುನ್ನ 39.5ರ ಕಥೆಯನ್ನು ಮುಗಿಸೋಣ. ಇಷ್ಟು ಸಣ್ಣ ಸಂಖ್ಯೆಯನ್ನು ಕಂಡೊಡನೆ 'ಹಳ್ಳಿಗಾಡು, ಸರಿಯಾಗಿ ಎಣಿಸಿಲ್ಲ' ಎಂದು ತಳ್ಳಿಹಾಕಲು ಮನಸ್ಸಾಗುತ್ತದೆ. ಆದರೆ ಅಲ್ಲಿನ ಎಣಿಕೆಯ ಇತಿಹಾಸ ಬೇರೆ.

ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಆರಂಭವಾದದ್ದು 1981ರಲ್ಲಿ. 1982ರಿಂದ ಬೆಂಗಳೂರು, ಮುಂಬೈ, ಚೆನ್ನೈ ಈ ಮೂರು ನಗರಗಳಲ್ಲಿ ಜನಸಂಖ್ಯೆ ಆಧಾರಿತ ನೋಂದಣಿ ನಡೆಯಿತು. ನಮ್ಮಲ್ಲಿ ಅದರ ಹೊಣೆ ಹೊತ್ತದ್ದು ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ. ಹಳ್ಳಿಗಳ ಸರದಿ ಬಂದದ್ದು 1987ರಲ್ಲಿ, ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ. ನಗರದಲ್ಲಿ ನೋಂದಣಿ ಸಿಬ್ಬಂದಿ ಆಸ್ಪತ್ರೆಗಳನ್ನೂ ರೋಗಪತ್ತೆ ಪ್ರಯೋಗಾಲಯಗಳನ್ನೂ ಸುತ್ತಿದರೆ ಬಹುಪಾಲು ರೋಗಿಗಳು ಸಿಕ್ಕುತ್ತಾರೆ. ಹಳ್ಳಿಯಲ್ಲಿ ಆ ಕ್ರಮ ಕೈಕೊಡುತ್ತದೆ, ಏಕೆಂದರೆ ಅನೇಕರು ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದೆ ಸಾಯುತ್ತಾರೆ. ಆದ್ದರಿಂದ ಬಾರ್ಶಿಯವರು ಕ್ರಮವನ್ನೇ ತಿರುಗಿಸಿದರು. ಸಿಬ್ಬಂದಿ ಹಳ್ಳಿಗಳಿಗೇ ಹೋಗಿ ಜನರನ್ನು ಸೇರಿಸಿ ರೋಗಲಕ್ಷಣಗಳನ್ನು ವಿವರಿಸಿದರು, ಗಂಟು, ಹುಣ್ಣು, ರಕ್ತಸ್ರಾವ ಇರುವವರನ್ನು ಹುಡುಕಿ ಆಸ್ಪತ್ರೆಗೆ ಕಳುಹಿಸಿದರು. ಎಣಿಕೆಯ ಜೊತೆಗೇ ಆರೈಕೆಯೂ ನಡೆಯಿತು. ಗರ್ಭಕೊರಳಿನ ಕ್ಯಾನ್ಸರ್ ಮೊದಲಿಗಿಂತ ಮುಂಚಿನ ಹಂತದಲ್ಲೇ ಪತ್ತೆಯಾಗತೊಡಗಿದ್ದು ಇದರ ಫಲ.

ಇದೇ ಬಾರ್ಶಿಯ ತಂಡ, ಟಾಟಾ ಸ್ಮಾರಕ ಕೇಂದ್ರ ಮತ್ತು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿ ಉಸ್ಮಾನಾಬಾದ್ ಜಿಲ್ಲೆಯಲ್ಲಿ 52 ಗ್ರಾಮಗುಂಪುಗಳ, 30ರಿಂದ 59 ವರ್ಷದ 1,31,746 ಮಹಿಳೆಯರನ್ನು ಒಳಗೊಂಡ ಅಧ್ಯಯನ ನಡೆಸಿದವು. ಪ್ಯಾಪಿಲೋಮ ವೈರಸ್‌ಗಾಗಿ ಒಂದೇ ಒಂದು ಬಾರಿ ಪರೀಕ್ಷೆ ಮಾಡಿದ ಗುಂಪಿನಲ್ಲಿ ಗರ್ಭಕೊರಳಿನ ಕ್ಯಾನ್ಸರಿನಿಂದಾಗುವ ಸಾವುಗಳು ಹೋಲಿಕೆ ಗುಂಪಿನ ಅರ್ಧದಷ್ಟಕ್ಕೆ ಇಳಿದವು ಎಂದು 2009ರಲ್ಲಿ ವರದಿಯಾಯಿತು. ಹೋಲಿಕೆ ಗುಂಪಿನ ಮಹಿಳೆಯರಿಗೆ ತಪಾಸಣೆ ದೊರೆಯಲಿಲ್ಲವೆಂದು ಈ ಅಧ್ಯಯನದ ನೀತಿಯ ಬಗ್ಗೆ ಕಟು ಟೀಕೆ ಬಂದಿತು. ಆ ಟೀಕೆಗೆ ಅರ್ಥವಿದೆ. ಆದರೂ ಹಳ್ಳಿಗಳ ಲಕ್ಷಕ್ಕೂ ಮಿಕ್ಕಿದ ಮಹಿಳೆಯರನ್ನು ಹೆಸರು ಹಿಡಿದು ವರ್ಷಗಟ್ಟಲೆ ಅನುಸರಿಸಲು ಸಾಧ್ಯ ಎಂಬುದನ್ನು ಅದು ಸಾಬೀತು ಮಾಡಿತು.

ಹಾಗಾಗಿ 39.5 ಎಂಬುದು ಅಲಕ್ಷ್ಯದಿಂದ ಹುಟ್ಟಿದ ಸಂಖ್ಯೆಯಲ್ಲ. ಅದರಲ್ಲಿಯೂ ಕೊರತೆ ಇರಬಹುದು, ಆದರೆ ಅದನ್ನು ಹೇಗೆ ಪಡೆದರೆಂಬುದು ನಮಗೆ ಗೊತ್ತು. ಪಡೆದ ಬಗೆ ಗೊತ್ತಿರುವ ಸಂಖ್ಯೆಯೊಡನೆ ವಾದ ಮಾಡಬಹುದು, ತಿದ್ದಬಹುದು. ಸಂಖ್ಯೆಯೇ ಇಲ್ಲದ ಕಡೆ ಏನು ಮಾಡುವುದು?

ಗಡಿ ದಾಟುವ ರೋಗಿ

2020ರ ವರದಿಯಲ್ಲಿ 28 ಜನಸಂಖ್ಯೆ ಆಧಾರಿತ ನೋಂದಣಿಗಳಿದ್ದವು. ಅವು ತಲುಪಿದ್ದು ದೇಶದ ಜನಸಂಖ್ಯೆಯ ಹತ್ತರಲ್ಲಿ ಒಂದು ಪಾಲನ್ನು ಮಾತ್ರ. ಕರ್ನಾಟಕದಿಂದ ಅದರಲ್ಲಿದ್ದದ್ದು ಬೆಂಗಳೂರು ಒಂದೇ. ಬಾಗಲಕೋಟೆಯ ಸಂಖ್ಯೆಯೇ ಅಲ್ಲಿಲ್ಲ. ದೇಶದಲ್ಲಿ 2020ರಲ್ಲಿ 13.9 ಲಕ್ಷ ಹೊಸ ರೋಗಿಗಳಿರಬಹುದು, 2025ಕ್ಕೆ ಅದು 15.7 ಲಕ್ಷಕ್ಕೆ ಏರಬಹುದು ಎಂದು ವರದಿ ಅಂದಾಜು ಮಾಡಿತು. ಈ ಅಂದಾಜಿನಲ್ಲಿ ಚಿಮ್ಮಡದವರು ಸೇರಿಕೊಳ್ಳುವುದು ಬೇರೆ ಊರುಗಳ ಪ್ರಮಾಣವನ್ನು ಅವರಿಗೂ ಅನ್ವಯಿಸಿದ್ದರಿಂದ, ಅವರನ್ನು ಎಣಿಸಿದ್ದರಿಂದಲ್ಲ.

ಮೊದಲು ಜಮಖಂಡಿ ತಾಲ್ಲೂಕಿನಲ್ಲಿದ್ದು ಈಗ ರಬಕವಿ-ಬನಹಟ್ಟಿ ತಾಲ್ಲೂಕಿಗೆ ಸೇರಿರುವ ಚಿಮ್ಮಡ, ಕಬ್ಬಿನ ಗದ್ದೆಗಳ ಹಾಗೂ ಮಗ್ಗಗಳ ಸೀಮೆಯ ಹಳ್ಳಿ. ಬೆಂಗಳೂರು ಅಲ್ಲಿಂದ ಐದುನೂರು ಕಿಲೊಮೀಟರ್‌ಗೂ ದೂರ. ಮೀರಜ್ ಸುಮಾರು ನೂರು ಕಿಲೊಮೀಟರ್ ಆಸುಪಾಸಿನಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೀರಜಿನಲ್ಲಿ ಮಿಷನ್ ಆಸ್ಪತ್ರೆ ತಲೆಯೆತ್ತಿದ ಕಾಲದಿಂದಲೂ ಕೃಷ್ಣೆಯ ಈ ದಂಡೆಯವರಿಗೆ ದೊಡ್ಡ ಕಾಯಿಲೆ ಎಂದರೆ ಮೀರಜಿನ ದಾರಿ. ಕೆಲವರು ಸೊಲ್ಲಾಪುರಕ್ಕೆ, ಬೆಳಗಾವಿಗೆ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಾರೆ.

ಒಂದು ಕಾಲ್ಪನಿಕ ಲೆಕ್ಕ ಮಾಡಿ ನೋಡೋಣ. ಒಂದು ಪ್ರದೇಶದಲ್ಲಿ ವರ್ಷಕ್ಕೆ ನಿಜವಾಗಿ 20 ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಬರುತ್ತದೆ ಎನ್ನಿ. ಅವರಲ್ಲಿ 8 ಮಂದಿ ನೆರೆರಾಜ್ಯಕ್ಕೆ ಹೋದರು, 4 ಮಂದಿ ಎಲ್ಲಿಗೂ ಹೋಗಲಿಲ್ಲ. ರಾಜ್ಯದೊಳಗಿನ ಆಸ್ಪತ್ರೆಗಳ ಕಡತಗಳಲ್ಲಿ ಉಳಿಯುವವರು 8 ಮಂದಿ. ಈ ಎಂಟನ್ನು ಹಿಡಿದು ನಗರದೊಡನೆ ಹೋಲಿಸಿದರೆ 'ಈ ಸೀಮೆಯ ಹೆಂಗಸರಿಗೆ ಏನೋ ರಕ್ಷಣೆ ಇದೆ' ಎಂಬ ನಿರ್ಣಯ ಹೊರಬೀಳುತ್ತದೆ. ಆಮೇಲೆ ಯಾರೋ ಆ ರಕ್ಷಣೆಯ ಜೀನನ್ನು ಹುಡುಕಲು ಹೊರಡುತ್ತಾರೆ! ಹುಡುಕುತ್ತಿರುವುದು ಬಸ್ಸಿನ ಮಾರ್ಗದ ಪರಿಣಾಮವನ್ನು ಎಂದು ಅವರಿಗೆ ತಿಳಿಯುವ ಬಗೆಯೇ ಇಲ್ಲ.

ಜನಸಂಖ್ಯೆ ಆಧಾರಿತ ನೋಂದಣಿಯಲ್ಲಿ ರೋಗಿಯನ್ನು ಎಣಿಸುವುದು ಚಿಕಿತ್ಸೆ ಪಡೆದ ಊರಿನಿಂದಲ್ಲ, ವಾಸದ ಊರಿನಿಂದ. ಕನಿಷ್ಠ ಒಂದು ವರ್ಷ ಅಲ್ಲಿ ನೆಲೆಸಿರಬೇಕೆಂಬುದು ನಿಯಮ. ನಿಯಮ ಸರಿಯಾಗಿದೆ. ಆದರೆ ಬಾಗಲಕೋಟೆಗೆ ನೋಂದಣಿಯೇ ಇಲ್ಲದಿದ್ದಾಗ ಮೀರಜಿನ ಆಸ್ಪತ್ರೆ ಎಷ್ಟೇ ಅಚ್ಚುಕಟ್ಟಾಗಿ ವಿಳಾಸ ಬರೆದಿಟ್ಟರೂ ಅದನ್ನು ಕಳುಹಿಸಬೇಕಾದ್ದು ಯಾರಿಗೆ? ಆಯುಷ್ಮಾನ್ ಭಾರತ ಯೋಜನೆಯಲ್ಲಿ ಒಂದು ರಾಜ್ಯದ ಫಲಾನುಭವಿ ಇನ್ನೊಂದು ರಾಜ್ಯದಲ್ಲಿ ಚಿಕಿತ್ಸೆ ಪಡೆಯಲು ಅವಕಾಶವಿದೆ. ಚಿಕಿತ್ಸೆಯ ಹಣದ ಲೆಕ್ಕ ಗಡಿ ದಾಟುವ ವ್ಯವಸ್ಥೆಯನ್ನು ನಾವು ಮಾಡಿಕೊಂಡಿದ್ದೇವೆ. ರೋಗದ ಲೆಕ್ಕ ದಾಟುವ ವ್ಯವಸ್ಥೆಯನ್ನು ಅಷ್ಟು ಕಾಳಜಿಯಿಂದ ಮಾಡಿಲ್ಲ.

ಭಾಗಾಕಾರದಲ್ಲಿ ಅಂಶದಷ್ಟೇ ಛೇದವೂ ಮುಖ್ಯ ಎಂಬುದು ಶಾಲೆಯ ಪಾಠ. ಛೇದ ಬರುವುದು ಜನಗಣತಿಯಿಂದ. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ, 2027ಕ್ಕೆ ನಿಗದಿಯಾಯಿತು. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು 2011ರ ಎಣಿಕೆ. ರಬಕವಿ-ಬನಹಟ್ಟಿ ಎಂಬ ತಾಲ್ಲೂಕು ರಚನೆಯಾದದ್ದು ಅದರ ನಂತರ. ಇದೇ ಹಳ್ಳಿ 1997ರವರೆಗೆ ವಿಜಾಪುರ ಜಿಲ್ಲೆಯಲ್ಲಿತ್ತು. ಹಳೆಯ ಕಡತದಲ್ಲಿ 'ಜಿಲ್ಲೆ: ವಿಜಾಪುರ, ತಾಲ್ಲೂಕು: ಜಮಖಂಡಿ' ಎಂದಿರುವ ತಾಯಿಯನ್ನೂ, ಹೊಸ ಕಡತದಲ್ಲಿ 'ಬಾಗಲಕೋಟೆ, ರಬಕವಿ-ಬನಹಟ್ಟಿ' ಎಂದಿರುವ ಮಗಳನ್ನೂ ಗಣಕಯಂತ್ರ ಒಂದೇ ಮನೆಯವರೆಂದು ತಾನಾಗಿ ಗುರುತಿಸುವುದಿಲ್ಲ. ಒಂದೇ ಊರಿನ ಎರಡು ವಿಳಾಸಗಳನ್ನು ಜೋಡಿಸುವ ಪಟ್ಟಿಯೊಂದನ್ನು ಯಾರಾದರೂ ಕುಳಿತು ತಯಾರಿಸಬೇಕು. ವಂಶಪಾರಂಪರ್ಯದ ಸಂಶೋಧನೆಯಲ್ಲಿ ಇದು ಸಣ್ಣ ಕೆಲಸವಲ್ಲ.

ಸಡಿಲಗೊಂಡ ಒಂದು ಜೋಡಣೆ

ಭೌತವಿಜ್ಞಾನದ ಮೇಷ್ಟರಿಗೆ ಇದರಲ್ಲೇನು ಕೆಲಸ ಎಂದು ನೀವು ಕೇಳಬಹುದು. ನಮ್ಮ ವಿಷಯದಿಂದಲೇ ಒಂದು ನಿದರ್ಶನ ಕೊಡುತ್ತೇನೆ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಿಂದ ಹೊರಟ ನ್ಯೂಟ್ರಿನೊಗಳು ಸುಮಾರು 730 ಕಿಲೊಮೀಟರ್ ದೂರದ ಇಟಲಿಯ ಗ್ರಾನ್ ಸಾಸ್ಸೊಗೆ ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮೊದಲೇ ತಲುಪಿದವೆಂದು 2011ರ ಸೆಪ್ಟೆಂಬರ್‌ನಲ್ಲಿ ಒಪೆರಾ ತಂಡ ಪ್ರಕಟಿಸಿತು. ಐನ್‌ಸ್ಟೈನ್ ಸೋತರೆಂದು ಪತ್ರಿಕೆಗಳು ಬರೆದವು. ಕೆಲವೇ ತಿಂಗಳಲ್ಲಿ ಕಾರಣ ಸಿಕ್ಕಿತು: ಉಪಗ್ರಹದಿಂದ ಬಂದ ಸಮಯವನ್ನು ಮುಖ್ಯ ಗಡಿಯಾರಕ್ಕೆ ಒಯ್ಯುವ ಬೆಳಕಿನ ತಂತುವಿನ ಜೋಡಣೆ ಸರಿಯಾಗಿ ಕೂತಿರಲಿಲ್ಲ. ನ್ಯೂಟ್ರಿನೊ ಹಿಡಿಯುವ ಯಂತ್ರ ಸರಿಯಾಗಿಯೇ ಇತ್ತು. ಕೆಟ್ಟಿದ್ದು ಎರಡು ಯಂತ್ರಗಳ ನಡುವಿನ ಕೊಂಡಿ.

ಇಲ್ಲಿ ಗಮನಿಸಬೇಕಾದ ತತ್ತ್ವವೊಂದಿದೆ. ಅಳತೆಯಲ್ಲಿ ಎರಡು ಬಗೆಯ ದೋಷಗಳಿರುತ್ತವೆ. ಯಾದೃಚ್ಛಿಕ ದೋಷ ಮಾದರಿಗಳ ಸಂಖ್ಯೆ ಹೆಚ್ಚಿದಂತೆ ಕುಗ್ಗುತ್ತದೆ. 100 ಮಾದರಿಗಳ ಬದಲು 10,000 ತೆಗೆದುಕೊಂಡರೆ ಅದು ಹತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ವ್ಯವಸ್ಥಿತ ದೋಷ ಹಾಗಲ್ಲ. ತಕ್ಕಡಿಯೇ ಓರೆಯಾಗಿದ್ದರೆ ಹತ್ತು ಲಕ್ಷ ಸಲ ತೂಗಿದರೂ ತೂಕ ಸರಿಯಾಗದು. ತಪ್ಪು ಉತ್ತರದ ಮೇಲೆ ನಮ್ಮ ನಂಬಿಕೆ ಹೆಚ್ಚುತ್ತದೆ, ಅಷ್ಟೆ. ಒಪೆರಾದಲ್ಲಿ 15,000ಕ್ಕೂ ಹೆಚ್ಚು ನ್ಯೂಟ್ರಿನೊ ಘಟನೆಗಳ ದಾಖಲೆ ಇತ್ತು. ಆ ರಾಶಿಯಿಂದ ಜೋಡಣೆಯ ದೋಷ ಕರಗಲಿಲ್ಲ.

ಈಗ ನಮ್ಮ ಕಾರ್ಯಕ್ರಮಗಳನ್ನು ನೋಡಿ. 2020ರಲ್ಲಿ ಮಂಜೂರಾದ ಜೀನೋಮ್ ಇಂಡಿಯಾ ಯೋಜನೆಯಲ್ಲಿ 20 ಸಂಸ್ಥೆಗಳು ಸೇರಿ, ದೇಶದ 80ಕ್ಕೂ ಹೆಚ್ಚು ಸಮುದಾಯಗಳಿಗೆ ಸೇರಿದ ಹತ್ತು ಸಾವಿರ ಜನರ ಜೀನೋಮನ್ನು ಓದಿದವು. ಸಮನ್ವಯದ ಹೊಣೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ್ದು. 2025ರ ಜನವರಿಯಲ್ಲಿ ದತ್ತಾಂಶವನ್ನು ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದ ಮೂಲಕ ಸಂಶೋಧಕರಿಗೆ ತೆರೆಯಲಾಯಿತು. ಇಪ್ಪತ್ತು ಸಂಸ್ಥೆಗಳನ್ನು ಒಂದೇ ಕ್ರಮಕ್ಕೆ ಒಗ್ಗಿಸಿದ್ದು ದೊಡ್ಡ ಸಾಧನೆ, ಅದನ್ನು ಮೆಚ್ಚಲೇಬೇಕು. ಆದರೆ ಅಲ್ಲಿ ಆರಿಸಿದ್ದು ಆರೋಗ್ಯವಂತರನ್ನು.

ಕ್ಯಾನ್ಸರ್ ನೋಂದಣಿಯ ಸಮನ್ವಯ ನಡೆಸುವ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರವೂ ಬೆಂಗಳೂರಿನಲ್ಲಿದೆ. ಅದು ಎಣಿಸುವುದು ರೋಗಿಗಳನ್ನು, ಜೀನುಗಳನ್ನಲ್ಲ. ಮೂರನೆಯದು ಅಂತರರಾಷ್ಟ್ರೀಯ ಕ್ಯಾನ್ಸರ್ ಜೀನೋಮ್ ಒಕ್ಕೂಟದ ಭಾರತೀಯ ಶಾಖೆ. ಕಲ್ಯಾಣಿಯ ರಾಷ್ಟ್ರೀಯ ಜೈವಿಕವೈದ್ಯ ಜೀನೋಮಿಕ್ಸ್ ಸಂಸ್ಥೆ ಮತ್ತು ಟಾಟಾ ಸ್ಮಾರಕ ಕೇಂದ್ರದ ನವಿ ಮುಂಬೈ ಸಂಶೋಧನಾ ಘಟಕ ಸೇರಿ ವಸಡು ಹಾಗೂ ಕೆನ್ನೆಯ ಒಳಭಾಗದ ಕ್ಯಾನ್ಸರನ್ನು ಅಧ್ಯಯನ ಮಾಡಿ, ಅದರಲ್ಲಿ ಮತ್ತೆ ಮತ್ತೆ ಕಾಣುವ ಉತ್ಪರಿವರ್ತನೆಗಳನ್ನು 2013ರಲ್ಲಿ ಪ್ರಕಟಿಸಿದವು. ತಂಬಾಕು ಜಗಿಯುವ ನಮ್ಮ ಜನರಿಗೆ ಬರುವ ಕ್ಯಾನ್ಸರನ್ನೇ ಆರಿಸಿಕೊಂಡದ್ದು ವಿವೇಕದ ನಿರ್ಧಾರ. ಅದರ ಗಡ್ಡೆಗಳ ಮಾದರಿಗಳು ಬಂದದ್ದು ಆಸ್ಪತ್ರೆಗೆ ತಲುಪಿದ ರೋಗಿಗಳಿಂದ.

ಒಂದು ಕಾರ್ಯಕ್ರಮದ ಬಳಿ ರೋಗವಿಲ್ಲದವರ ಜೀನುಗಳಿವೆ, ಇನ್ನೊಂದರ ಬಳಿ ಜೀನುಗಳಿಲ್ಲದ ರೋಗಿಗಳ ಎಣಿಕೆ ಇದೆ, ಮೂರನೆಯದರ ಬಳಿ ಆಸ್ಪತ್ರೆ ಮುಟ್ಟಿದವರ ಗಡ್ಡೆಗಳಿವೆ. ಬಿಡಿಬಿಡಿಯಾಗಿ ಮೂರೂ ಒಳ್ಳೆಯ ಯಂತ್ರಗಳು. ಒಂದರ ಮೇಲೊಂದನ್ನು ಇಟ್ಟು ಓದಲೆಂದು ಅವನ್ನು ಯೋಜಿಸಿರಲಿಲ್ಲ. ಇದೇ ನನ್ನ ಮುಖ್ಯ ಆಕ್ಷೇಪ. ಆರೋಗ್ಯದ ಅಸಮಾನತೆ ಎಂಬುದು ಈ ಮೂರರ ನಡುವಿನ ಜಾಗದಲ್ಲಿದೆ, ಆ ಜಾಗವೇ ಯಾರ ಕಾರ್ಯವ್ಯಾಪ್ತಿಗೂ ಸೇರಿಲ್ಲ.

ನಮೂನೆಯಲ್ಲಿ ಹಿಡಿಯದ ಕುಟುಂಬ

ಸಮನ್ವಯದ ಅತ್ಯಂತ ಸಾಧಾರಣ ವಸ್ತು ಎಂದರೆ ನಮೂನೆ, ಅಂದರೆ ತುಂಬಬೇಕಾದ ಫಾರಂ. ಕುಟುಂಬದ ರೋಗಚರಿತ್ರೆಯ ನಮೂನೆಯಲ್ಲಿ ಸಾಮಾನ್ಯವಾಗಿ 'ತಾಯಿಯ ಕಡೆ', 'ತಂದೆಯ ಕಡೆ' ಎಂದು ಎರಡು ಅಂಕಣಗಳಿರುತ್ತವೆ. ಸೋದರಮಾವನನ್ನು ಮದುವೆಯಾಗುವ ಪದ್ಧತಿ ನಮ್ಮಲ್ಲಿ ಹಳೆಯದು. ಹಾಗೆ ಮದುವೆಯಾದವಳ ಮಗಳೊಬ್ಬಳು ಈ ನಮೂನೆ ತುಂಬಲು ಕುಳಿತಳೆನ್ನಿ. ಅವಳ ತಾಯಿಯ ತಾಯಿಯೇ ಅವಳ ತಂದೆಗೆ ಅಕ್ಕ. ಅಂದರೆ ಅವಳಿಗೆ ಅಜ್ಜಿಯೂ ಸೋದರತ್ತೆಯೂ ಒಬ್ಬಳೇ. ಆ ಹಿರಿಯಾಕೆಗೆ ಸ್ತನ ಕ್ಯಾನ್ಸರ್ ಬಂದಿದ್ದರೆ, ತಾಯಿಯ ಕಡೆ ಒಂದು, ತಂದೆಯ ಕಡೆ ಒಂದು ಎಂದು ಎರಡು ಅಂಕಣಗಳಲ್ಲಿಯೂ ಗುರುತು ಬೀಳುತ್ತದೆ. ಒಬ್ಬ ರೋಗಿ ಇಬ್ಬರಾದಳು! ಎರಡೂ ಕಡೆ ರೋಗವಿರುವ ಕುಟುಂಬವೆಂದು ಅಪಾಯದ ಲೆಕ್ಕ ತಲೆಕೆಳಗಾಯಿತು.

ಪರಿಹಾರಕ್ಕೆ ದುಬಾರಿ ಯಂತ್ರ ಬೇಡ. ಸಂಬಂಧದ ಹೆಸರಿನ ಬದಲು ಪ್ರತಿ ವ್ಯಕ್ತಿಗೂ ಒಂದು ಸಂಖ್ಯೆ ಕೊಟ್ಟು ವಂಶವೃಕ್ಷ ಬರೆದರೆ ಸಾಕು. ಆದರೆ ಈ ಮಾತು ನಮೂನೆ ಅಚ್ಚಾಗುವ ಮೊದಲೇ ಹೊಳೆಯಬೇಕಾದರೆ, ಅದನ್ನು ರೂಪಿಸುವ ಮೇಜಿನ ಬಳಿ ಈ ಸೀಮೆಯ ದಾದಿಯೋ ಆಶಾ ಕಾರ್ಯಕರ್ತೆಯೋ ಕುಳಿತಿರಬೇಕು.

ಒಪ್ಪಿಗೆಪತ್ರದ ಭಾಷೆಯೂ ಹೀಗೆಯೇ. ಇಂಗ್ಲಿಷಿನ ಒಪ್ಪಿಗೆಪತ್ರವನ್ನು ಗ್ರಂಥಸ್ಥ ಕನ್ನಡಕ್ಕೆ ತಂದು 'ವಂಶವಾಹಿ ವಿಶ್ಲೇಷಣೆಗೆ ಸಮ್ಮತಿಸಿರುತ್ತೇನೆ' ಎಂದು ಹೆಬ್ಬೆಟ್ಟು ಒತ್ತಿಸಿದರೆ ಕಾನೂನಿಗೆ ಸಮಾಧಾನವಾಗಬಹುದು. ಆದರೆ ಚಿಮ್ಮಡದ ಮಹಿಳೆ ಕೇಳುವ ಪ್ರಶ್ನೆ ಬೇರೆ: "ಈ ರಗತ ಯಾತಕ್ಕ ಬೇಕ್ರಿ? ನನ್ನ ಮಗಳ ಲಗ್ನಕ್ಕ ಏನರ ತೊಡಕ ಆದೀತೇನ್ರಿ?" ಈ ಎರಡನೆಯ ಪ್ರಶ್ನೆಗೆ ಉತ್ತರವಿಲ್ಲದ ಒಪ್ಪಿಗೆಪತ್ರ ಅಪೂರ್ಣ. ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಗಳಲ್ಲಿ ಹಲವು ಕೇಂದ್ರಗಳ ಸಂಶೋಧನೆಗೆ ಒಂದೇ ಸಾಮಾನ್ಯ ನೈತಿಕ ಪರಿಶೀಲನೆ ನಡೆಸಲು ಅವಕಾಶ ಕಲ್ಪಿಸಲಾಗಿದೆ. ಇದರಿಂದ ಸಮಯ ಉಳಿಯುತ್ತದೆ. ಉಳಿದ ಸಮಯವನ್ನು ಹಳ್ಳಿಯ ಮಾತಿನಲ್ಲಿ ವಿವರಿಸಲು ಬಳಸಬೇಕು.

ಮಾದರಿಯ ಪ್ರಯಾಣ

ರಕ್ತದ ಮಾದರಿಯೂ ಪ್ರಯಾಣ ಮಾಡುತ್ತದೆ. ಅದರಲ್ಲಿರುವ ಡಿಎನ್‌ಎ ಗಟ್ಟಿ. ಸರಿಯಾದ ಕೊಳವೆಯಲ್ಲಿ ತಂಪಾಗಿಟ್ಟರೆ ಕೆಲವು ದಿನ ತಾಳಿಕೊಳ್ಳುತ್ತದೆ. ಜೀನುಗಳು ಎಷ್ಟು ಚುರುಕಾಗಿವೆ ಎಂದು ತೋರಿಸುವ ಆರ್‌ಎನ್‌ಎ ಬಹಳ ನಾಜೂಕು; ಕಾಪಾಡುವ ದ್ರಾವಣವಿಲ್ಲದಿದ್ದರೆ ಗಂಟೆಗಳಲ್ಲೇ ಕೆಡತೊಡಗುತ್ತದೆ. ಬೆಂಗಳೂರಿನ ರೋಗಿಯ ಗಡ್ಡೆಯ ಚೂರು ಶಸ್ತ್ರಕ್ರಿಯೆಯಾದ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಿ, ಜಮಖಂಡಿಯ ಕಡೆಯಿಂದ ಬಂದದ್ದು ರಾತ್ರಿ ಬಸ್ಸಿನ ಮಂಜುಗಡ್ಡೆ ಪೆಟ್ಟಿಗೆಯಲ್ಲಿ ಮರುದಿನ ತಲುಪಿದರೆ, ಎರಡರ ನಡುವೆ ನೂರಾರು ಜೀನುಗಳ ವರ್ತನೆಯಲ್ಲಿ ವ್ಯತ್ಯಾಸ ಕಂಡೇ ಕಾಣುತ್ತದೆ. 'ಗ್ರಾಮೀಣ ಹಾಗೂ ನಗರದ ರೋಗಿಗಳ ಗಡ್ಡೆಗಳು ಜೈವಿಕವಾಗಿ ಭಿನ್ನ' ಎಂಬ ಪ್ರಬಂಧವೂ ಸಿದ್ಧವಾದೀತು. ಅಲ್ಲಿ ಅಳೆದದ್ದು ಜೀವಿಯನ್ನಲ್ಲ, ರಸ್ತೆಯನ್ನು. ಮಾದರಿ ತೆಗೆದ ಹೊತ್ತು, ಹೆಪ್ಪುಗಟ್ಟಿಸಿದ ಹೊತ್ತು ಎಂಬ ಎರಡೇ ಅಂಕಣಗಳು ಪ್ರತಿ ಕೊಳವೆಯ ಜೊತೆಗಿದ್ದರೆ ಈ ದೋಷವನ್ನು ಹಿಡಿಯಬಹುದು. ಅವಿಲ್ಲದಿದ್ದರೆ ಯಾವ ಗಣಿತದಿಂದಲೂ ಆಗದು.

ಉತ್ತರ ಹಿಂದಿರುಗುವ ದಾರಿ

ಕೊನೆಯ ಕೊಂಡಿ ಎಲ್ಲಕ್ಕಿಂತ ದುರ್ಬಲ. ಸ್ತನ ಕ್ಯಾನ್ಸರುಗಳಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ವಂಶಪಾರಂಪರ್ಯವಾಗಿ ಬರುವಂಥವು. ಅದಕ್ಕೆ ಕಾರಣವಾಗುವ ಮುಖ್ಯ ಜೀನುಗಳಾದ ಬಿಆರ್‌ಸಿಎ-1 ಮತ್ತು 2ನ್ನು 1994 ಮತ್ತು 1995ರಲ್ಲಿ ಗುರುತಿಸಲಾಯಿತು. ತಾಯಿಯಲ್ಲಿ ಇಂತಹ ಉತ್ಪರಿವರ್ತನೆ ಇದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಆದುದರಿಂದ ಇಲ್ಲಿ ಫಲಿತಾಂಶದ ಹಕ್ಕುದಾರರು ರೋಗಿ ಒಬ್ಬಳೇ ಅಲ್ಲ. ಅವಳ ಅಕ್ಕತಂಗಿಯರು, ಅಣ್ಣತಮ್ಮಂದಿರು, ಮಕ್ಕಳು ಕೂಡ. ಚಿಮ್ಮಡದ ಮಹಿಳೆ ಮೀರಜಿನಲ್ಲಿ ಶಸ್ತ್ರಕ್ರಿಯೆ ಮಾಡಿಸಿಕೊಂಡು, ಮಾದರಿ ಮುಂಬೈಗೋ ಬೆಂಗಳೂರಿಗೋ ಹೋಗಿ, ಎರಡು ವರ್ಷದ ಬಳಿಕ ಫಲಿತಾಂಶ ಬಂದಾಗ ಅವಳು ಬದುಕಿಲ್ಲದಿರಬಹುದು. ಆಗ ತೇರದಾಳಕ್ಕೆ ಮದುವೆಯಾಗಿ ಹೋದ ಅವಳ ಮಗಳಿಗೆ ಹೇಳುವವರು ಯಾರು? ಹೇಳಬೇಕೆ ಎಂದು ತಾಯಿಯನ್ನು ಮೊದಲೇ ಕೇಳಿದ್ದೆವೆಯೆ?

ಹೇಳಿದರೂ ಉತ್ತರ ಸ್ಪಷ್ಟವಾಗಿರುತ್ತದೆ ಎಂಬ ಭರವಸೆಯಿಲ್ಲ. ರೋಗಗಳಿಗೆ ಸಂಬಂಧಿಸಿದ ಜೀನುಗಳನ್ನು ಹುಡುಕುವ ಬೃಹತ್ ಅಧ್ಯಯನಗಳಲ್ಲಿ ಭಾಗಿಗಳಾದವರಲ್ಲಿ ಯುರೋಪ್ ಮೂಲದವರ ಪಾಲು 2009ರಲ್ಲಿ ಶೇಕಡ 96. 2016ರ ಹೊತ್ತಿಗೂ ಸುಮಾರು ಶೇಕಡ 81. ಹೋಲಿಸಿ ನೋಡಲು ನಮ್ಮ ಜನರ ದಾಖಲೆ ಕಡಿಮೆ ಇರುವುದರಿಂದ ನಮ್ಮವರ ಪರೀಕ್ಷಾ ವರದಿಗಳಲ್ಲಿ 'ಅರ್ಥ ಅನಿಶ್ಚಿತ' ಎಂಬ ಷರಾ ಹೆಚ್ಚು. ಅದೇ ಹಣ ಕೊಟ್ಟು, ಅದೇ ಪರೀಕ್ಷೆ ಮಾಡಿಸಿಕೊಂಡು, ಕಡಿಮೆ ಉತ್ತರ ಪಡೆಯುವುದು ವಿಜ್ಞಾನವೇ ಸೃಷ್ಟಿಸಿದ ಅಸಮಾನತೆ. ಜೀನೋಮ್ ಇಂಡಿಯಾದ ಆರೋಗ್ಯವಂತರ ದಾಖಲೆ ಇಲ್ಲಿ ನಿಜಕ್ಕೂ ನೆರವಾಗಬಲ್ಲದು, ಆಸ್ಪತ್ರೆಯ ಪರೀಕ್ಷಾ ಕೊಠಡಿಯವರೆಗೆ ಅದನ್ನು ತಲುಪಿಸುವ ಕೊಂಡಿ ಇದ್ದರೆ.

ಇಷ್ಟಾದರೂ ಜೀನುಗಳ ಪಾಲು ಎಷ್ಟೆಂಬುದನ್ನು ಮರೆಯಬಾರದು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ದೇಶದಲ್ಲಿ 30ರಿಂದ 49 ವರ್ಷದ ಮಹಿಳೆಯರ ಪೈಕಿ ಎಂದಾದರೊಮ್ಮೆ ಗರ್ಭಕೊರಳಿನ ತಪಾಸಣೆ ಮಾಡಿಸಿಕೊಂಡವರು ಶೇಕಡ 1.9, ಸ್ತನದ ತಪಾಸಣೆ ಹಾಗೂ ಬಾಯಿಯ ತಪಾಸಣೆ ಎರಡೂ ಶೇಕಡ 0.9. ತಂಬಾಕಿನ ನಿಪ್ಪಾಣಿ ಚಿಮ್ಮಡಕ್ಕೆ ದೂರವೇನಲ್ಲ. ಹಲ್ಲಿಗೆ ಮಿಶ್ರಿ ತಿಕ್ಕುವ, ತಂಬಾಕು-ಸುಣ್ಣ ಜಗಿಯುವ ಅಭ್ಯಾಸಕ್ಕೆ ಜೀನೋಮ್ ಓದುವ ಅಗತ್ಯವಿಲ್ಲ. ತಪಾಸಣೆಯೇ ಇಲ್ಲದ ಊರಿಗೆ ಜೀನಿನ ವಿವರಣೆ ಕೊಡುವುದು, ಬಾವಿಗೆ ಹಗ್ಗ ಇಳಿಸದೆ ನೀರಿನ ರಾಸಾಯನಿಕ ಸೂತ್ರ ಹೇಳಿದಂತೆ. ಬಾರ್ಶಿಯ ಪಾಠವೂ ಇದೇ: ಎಣಿಸಲು ಹೋದವರು ಆರೈಕೆಯನ್ನೂ ಹೊತ್ತೊಯ್ಯಬೇಕು.

ಓದುಗರು ಕೇಳಬೇಕಾದ ಪ್ರಶ್ನೆಗಳು

ಮುಂದೆ ಯಾವುದೇ ಕ್ಯಾನ್ಸರ್ ಜೀನೋಮ್ ಕಾರ್ಯಕ್ರಮದ ಸುದ್ದಿ ಓದಿದಾಗ, ಎಷ್ಟು ಸಾವಿರ ಮಾದರಿಗಳು, ಎಷ್ಟು ಕೋಟಿ ರೂಪಾಯಿ ಎಂಬುದರ ಜೊತೆಗೆ ನೀವು ಇನ್ನೂ ಕೆಲವನ್ನು ಕೇಳಬೇಕು. ರೋಗಿಯನ್ನು ವಾಸದ ಊರಿಗೆ ಲೆಕ್ಕ ಹಿಡಿಯುತ್ತಾರೆಯೆ, ರಾಜ್ಯದ ಗಡಿ ದಾಟಿದಾಗಲೂ? ಎಲ್ಲ ಕೇಂದ್ರಗಳೂ ಒಂದೇ ನಮೂನೆಯನ್ನು ಒಂದೇ ಅರ್ಥದಲ್ಲಿ ತುಂಬುತ್ತವೆಯೆ? ಮಾದರಿಯ ಪ್ರಯಾಣದ ಹೊತ್ತನ್ನು ಬರೆದಿಡುತ್ತಾರೆಯೆ? ಫಲಿತಾಂಶವನ್ನು ಯಾರು, ಯಾವ ಮಾತಿನಲ್ಲಿ, ಯಾರಿಗೆ ಹೇಳುತ್ತಾರೆ? ಹೆಸರು ಮತ್ತು ಜೀನುಗಳನ್ನು ಜೋಡಿಸುವ ಕೀಲಿ ಯಾರ ಕೈಯಲ್ಲಿದೆ? 2021ರಿಂದ ಜಾರಿಯಲ್ಲಿರುವ ಹದಿನಾಲ್ಕು ಅಂಕಿಗಳ ಆರೋಗ್ಯ ಸಂಖ್ಯೆ ಕಡತಗಳನ್ನು ಜೋಡಿಸಬಲ್ಲದು. ಆದರೆ ಅದೇ ಸಂಖ್ಯೆ ಜೀನಿನ ಗುಟ್ಟನ್ನು ಬಯಲು ಮಾಡುವ ಬಾಗಿಲೂ ಆಗಬಲ್ಲದು. ಸಂಶೋಧಕರಿಗೆ ಗುಪ್ತಸಂಕೇತ ಮಾತ್ರ ಕಾಣಬೇಕು. ಕೀಲಿ ಬೇರೊಬ್ಬ ಹೊಣೆಗಾರರ ಬಳಿ ಇರಬೇಕು.

ಕೊನೆಯದಾಗಿ, ಸಮನ್ವಯ ಮಾಡುವವರ ನೌಕರಿ ಎಷ್ಟು ವರ್ಷದ್ದು ಎಂದು ಕೇಳಿ. ನಮ್ಮ ಯೋಜನೆಗಳಲ್ಲಿ ಈ ಕೆಲಸ ಬಹುತೇಕ ಗುತ್ತಿಗೆಯದು. ಹಣ ಮುಗಿದ ದಿನ ಸಮನ್ವಯಾಧಿಕಾರಿ ಮನೆಗೆ ಹೋಗುತ್ತಾರೆ, ಶೀತಲ ಪೆಟ್ಟಿಗೆಗಳು ಉಳಿಯುತ್ತವೆ. ಯಾವ ಕೊಳವೆ ಯಾವ ಊರಿನದು, ಯಾರ ಮಗಳಿಗೆ ಸುದ್ದಿ ಹೇಳಬೇಕಿತ್ತು ಎಂಬ ನೆನಪು ಅವರೊಡನೆ ಹೊರಟುಹೋಗುತ್ತದೆ. ಯಂತ್ರಕ್ಕೆ ಹತ್ತು ವರ್ಷದ ನಿರ್ವಹಣಾ ಒಪ್ಪಂದ ಬರೆಯುವ ನಾವು, ಆ ಯಂತ್ರಗಳನ್ನು ಜೋಡಿಸುವ ಮನುಷ್ಯರಿಗೂ ಅಷ್ಟನ್ನಾದರೂ ಬರೆಯಬೇಕು.

ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳನ್ನೂ ಪಕ್ಕದ ಸಾಂಗಲಿ, ಸೊಲ್ಲಾಪುರಗಳನ್ನೂ ಒಂದಾಗಿ ಹಿಡಿದು ಎರಡೂ ರಾಜ್ಯಗಳು ಸೇರಿ ನಡೆಸುವ ಗಡಿಸೀಮೆಯ ನೋಂದಣಿಯೊಂದು ಬೇಕು. ಅದಕ್ಕೆ ಹೊಸ ಸಿದ್ಧಾಂತವಾಗಲೀ ಹೊಸ ಯಂತ್ರವಾಗಲೀ ಬೇಡ. ಮಾದರಿ ಬಾರ್ಶಿಯಲ್ಲಿ 1987ರಿಂದಲೇ ಇದೆ, ಸಮನ್ವಯದ ಅನುಭವ ಬೆಂಗಳೂರಿನಲ್ಲಿದೆ. ಎರಡರ ನಡುವೆ ಇರುವ ಚಿಮ್ಮಡದಂತಹ ಊರುಗಳಿಗೆ ಒಂದು ಸಂಖ್ಯೆ ಬಂದರೆ, ಆಮೇಲೆ ಅದು ಜೀನಿನದೋ ಬದುಕಿನದೋ ಎಂದು ನಾವೆಲ್ಲ ಕುಳಿತು ವಾದ ಮಾಡಬಹುದು. ಈಗ ವಾದಕ್ಕೂ ಆಧಾರವಿಲ್ಲ.